ಕರಟಗಳ ಲೆಕ್ಕ

2024ರ ಜುಲೈ ತಿಂಗಳ ಜಡಿಮಳೆಯಲ್ಲಿ ನನ್ನ ಮಗಳ ಜೀವದ ಗೆಳತಿ ಡೆಂಗಿ ಜ್ವರದಿಂದ ತೀರಿಕೊಂಡಳು. ಇಬ್ಬರೂ ಆಗಷ್ಟೇ ನಾಲ್ಕನೇ ತರಗತಿಗೆ ಕಾಲಿಟ್ಟಿದ್ದರು. ಶಿರಸಿಯ ನಮ್ಮ ಕೇರಿಯಲ್ಲಿ ಅವರ ಮನೆಗೂ ನಮ್ಮ ಮನೆಗೂ ನಡುವೆ ಇದ್ದದ್ದು ಒಂದು ಬೇಲಿ ಮತ್ತು ಆ ಬೇಲಿಯಲ್ಲಿ ಮಕ್ಕಳೇ ಮಾಡಿಕೊಂಡ ಒಂದು ಸಂದು. ಆ ಮಗುವಿನ ತಂದೆತಾಯಿಯರನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. ಆದರೂ ಯಾರ ಹೆಸರನ್ನೂ ಬರೆಯುವುದಿಲ್ಲ. ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವವನು. ಮಕ್ಕಳ ಮನಸ್ಸಿನ ಬಗ್ಗೆ ಅಧಿಕಾರದಿಂದ ಮಾತನಾಡುವ ಪದವಿ ನನ್ನಲ್ಲಿಲ್ಲ. ಒಂದು ಮಗು ತನ್ನ ಓರಗೆಯ ಮಗುವಿನ ಸಾವನ್ನು ಹೇಗೆ ಎದುರಿಸಿತು ಎಂಬುದನ್ನು ಒಂದೇ ಸೂರಿನಡಿಯಲ್ಲಿದ್ದು ನೋಡಿದ್ದೇನೆ, ಅಷ್ಟೇ.

ಆ ವರ್ಷ ರಾಜ್ಯದಲ್ಲೆಲ್ಲ ಡೆಂಗಿ ಜೋರಾಗಿತ್ತು. ಗೆಳತಿಗೆ ಜ್ವರ ಬಂದಾಗ ಮೊದಲು ಮಳೆಯಲ್ಲಿ ನೆನೆದದ್ದರಿಂದ ಇರಬೇಕೆಂದುಕೊಂಡರು. ರಕ್ತಪರೀಕ್ಷೆಯಾದ ಮೇಲೆ ಡೆಂಗಿ ಎಂದು ತಿಳಿಯಿತು. ನಾಲ್ಕೈದು ದಿನಗಳಲ್ಲಿ ಜ್ವರ ಇಳಿಯಿತು. ಎಲ್ಲರಿಗೂ ಸಮಾಧಾನವಾಯಿತು, ಮಗಳು ಬೇಲಿ ದಾಟಿ ಹೋಗಿ ಅವಳೊಡನೆ ಸ್ವಲ್ಪ ಹೊತ್ತು ಕುಳಿತು ಬಂದಳು. ಡೆಂಗಿಯಲ್ಲಿ ನಿಜವಾದ ಗಂಡಾಂತರ ಅನೇಕ ಸಲ ಜ್ವರ ಇಳಿಯುವ ಹೊತ್ತಿನಲ್ಲೇ ಶುರುವಾಗುತ್ತದೆ. ರಕ್ತನಾಳಗಳಿಂದ ದ್ರವ ಸೋರತೊಡಗಿ, ಹೊಟ್ಟೆನೋವು, ಬಿಡದ ವಾಂತಿ ಕಾಣಿಸಿಕೊಂಡು, ರಕ್ತದೊತ್ತಡ ಕುಸಿಯುತ್ತದೆ. ಆ ರಾತ್ರಿ ಅವಳಿಗೆ ಆದದ್ದು ಅದೇ. ಹುಬ್ಬಳ್ಳಿಯ ಆಸ್ಪತ್ರೆಗೆ ಕರೆದೊಯ್ದರು, ಮಾರನೆಯ ದಿನ ಬೆಳಗಿನ ಜಾವ ಸುದ್ದಿ ಬಂತು.

ಸುದ್ದಿಯನ್ನು ಮಗಳಿಗೆ ಹೇಳುವುದು ಯಾರು, ಹೇಗೆ ಎಂಬ ಪ್ರಶ್ನೆ ಅವಳು ಏಳುವ ಮೊದಲೇ ನಮ್ಮ ಅಡುಗೆಮನೆಯಲ್ಲಿ ಎದ್ದಿತು. ಈಗಲೇ ಹೇಳುವುದು ಬೇಡ, ಊರಿಗೆ ಹೋಗಿದ್ದಾಳೆ ಎಂದರಾಯಿತು, ನಾಲ್ಕು ದಿನ ಕಳೆದ ಮೇಲೆ ತಾನೇ ಮರೆಯುತ್ತಾಳೆ ಎಂದು ನನ್ನ ತಾಯಿ ಹೇಳಿದರು. ಅವರನ್ನು ತಪ್ಪು ಎನ್ನಲಾರೆ. ಅವರ ಬಾಲ್ಯದಲ್ಲಿ ಪ್ರತಿ ಮನೆಯಲ್ಲೂ ಒಂದಿಲ್ಲೊಂದು ಮಗು ಹೋಗುತ್ತಿತ್ತು, ಬದುಕಿ ಉಳಿದ ಮಕ್ಕಳಿಗೆ ಯಾರೂ ಏನನ್ನೂ ವಿವರಿಸುತ್ತಿರಲಿಲ್ಲ. ಆದರೆ ಬೇಲಿಯಾಚೆ ಅಳು ಕೇಳಿಸುತ್ತಿತ್ತು. ಕಿವಿಗೆ ಕೇಳಿಸುತ್ತಿರುವುದನ್ನು ಇಲ್ಲವೆಂದು ಹೇಳಿದರೆ ಆ ಮಗು ಮುಂದೆ ನಮ್ಮ ಯಾವ ಮಾತನ್ನು ನಂಬಬೇಕು? ಹೆಂಡತಿ ಅವಳನ್ನು ಎಬ್ಬಿಸಿ, ಮಡಿಲಿಗೆ ಎಳೆದುಕೊಂಡು, "ಅವಳು ಸತ್ತುಹೋದಳು ಮಗಾ, ಡಾಕ್ಟರು ತುಂಬ ಪ್ರಯತ್ನ ಮಾಡಿದರು, ಆಗಲಿಲ್ಲ" ಎಂದಳು. ನಮ್ಮಲ್ಲಿ ಸಾವಿಗೆ ತೀರಿಕೊಂಡರು, ಹೋಗಿಬಿಟ್ಟರು, ದೇವರ ಪಾದ ಸೇರಿದರು ಎಂದು ಎಷ್ಟೊಂದು ಮೆತ್ತನೆಯ ಮಾತುಗಳಿವೆ. ಅವುಗಳಲ್ಲಿ ಒಂದನ್ನೂ ಬಳಸದೆ ಸತ್ತಳು ಎಂಬ ಮಾತನ್ನೇ ಆಡುವ ಧೈರ್ಯ ಅವಳಿಗೆ ಎಲ್ಲಿಂದ ಬಂತೋ ತಿಳಿಯದು.

ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಇವತ್ತು ಶಾಲೆ ಇದೆಯಾ?" ಎಂದು ಕೇಳಿದಳು. ಆಮೇಲೆ ದೋಸೆ ತಿಂದಳು. ಬೆಕ್ಕಿನ ಮರಿಯೊಂದಿಗೆ ಆಡಿದಳು. ಮಧ್ಯಾಹ್ನ ಇದ್ದಕ್ಕಿದ್ದಂತೆ ಗೋಡೆಗೆ ಮುಖ ಮಾಡಿ ಬಿಕ್ಕಿ ಬಿಕ್ಕಿ ಅತ್ತಳು, ಸಂಜೆ ಟಿ.ವಿ.ಯಲ್ಲಿ ಏನನ್ನೋ ನೋಡಿ ನಕ್ಕಳು. ಮನೆಗೆ ಬಂದಿದ್ದ ನೆಂಟರೊಬ್ಬರು ಅವಳು ನಗುವುದನ್ನು ಕಂಡು, "ಪಾಪ, ಅದಕ್ಕೆ ಇನ್ನೂ ಏನೂ ಅರ್ಥವಾಗಿಲ್ಲ" ಎಂದರು. ಅರ್ಥವಾಗದೆ ಅಲ್ಲ ಎಂದು ಈಗ ನನಗೆ ಗೊತ್ತು. ಮಲೆನಾಡಿನಲ್ಲಿ ಮಳೆ ಹೊಯ್ದು, ಹೊಳವಾಗಿ, ಮತ್ತೆ ಹೊಯ್ಯುವಂತೆ ಮಕ್ಕಳ ದುಃಖವೂ ಬಿಟ್ಟು ಬಿಟ್ಟು ಬರುತ್ತದೆ. ನಡುವಿನ ಹೊಳವನ್ನು ನೋಡಿ ದೊಡ್ಡವರು ಮೋಸಹೋಗುತ್ತಾರೆ. ತಮ್ಮಿಂದ ತಡೆದುಕೊಳ್ಳಲಾಗುವಷ್ಟನ್ನು ಮಾತ್ರ ಒಂದು ಸಲಕ್ಕೆ ಅನುಭವಿಸಿ ಆಟಕ್ಕೆ ಓಡಿಹೋಗುವುದು ಅವರಿಗೆ ಹುಟ್ಟಿನಿಂದ ಬಂದ ಜಾಣತನವೇ ಇರಬೇಕು.

ಕೊನೆಯ ಸಲ ನೋಡಲು ಕರೆದೊಯ್ಯಬೇಕೇ ಎಂಬುದು ಮುಂದಿನ ಪ್ರಶ್ನೆ. ಸೂತಕದ ಮನೆಗೆ, ಅದರಲ್ಲೂ ಸಣ್ಣ ಮಗು ಸತ್ತ ಮನೆಗೆ, ಅದೇ ವಯಸ್ಸಿನ ಮಗುವನ್ನು ಕರೆದುಕೊಂಡು ಹೋಗಬಾರದೆಂಬ ನಂಬಿಕೆ ನಮ್ಮ ಕಡೆ ಗಟ್ಟಿಯಾಗಿದೆ. ನಾವು ಅವಳನ್ನೇ ಕೇಳಿದೆವು. ಅಲ್ಲಿ ಏನೇನು ಕಾಣಿಸುತ್ತದೆ ಎಂಬುದನ್ನು ಮೊದಲೇ ವಿವರಿಸಿದೆವು: ಅವಳನ್ನು ಚಾಪೆಯ ಮೇಲೆ ಮಲಗಿಸಿರುತ್ತಾರೆ, ಕಣ್ಣು ಮುಚ್ಚಿರುತ್ತದೆ, ಮೂಗಿಗೆ ಹತ್ತಿ ಇಟ್ಟಿರುತ್ತಾರೆ, ಅವಳಮ್ಮ ಜೋರಾಗಿ ಅಳುತ್ತಿರುತ್ತಾರೆ, ನಿನಗೆ ಬೇಡವೆನಿಸಿದ ಕ್ಷಣ ಕೈ ಒತ್ತಿದರೆ ಹೊರಗೆ ಬಂದುಬಿಡೋಣ. ಅವಳು ಬರುತ್ತೇನೆ ಎಂದಳು, ಬಂದಳು, ಹೆಬ್ಬಾಗಿಲ ಬಳಿ ನಿಂತು ನೋಡಿದಳು, ಕೈ ಒತ್ತಿದಳು. ಒಳಗೆ ಹೋಗಲಿಲ್ಲ. ಮಣ್ಣು ಮಾಡುವ ಜಾಗಕ್ಕೆ ನಾನೊಬ್ಬನೇ ಹೋದೆ.

ಆ ರಾತ್ರಿ ಮಳೆ ಹಂಚಿನ ಮೇಲೆ ಸುರಿಯುತ್ತಿದ್ದಾಗ ಅವಳು ಕೇಳಿದ ಪ್ರಶ್ನೆಗೆ ನಾವಿಬ್ಬರೂ ಸಿದ್ಧರಿರಲಿಲ್ಲ: "ಅಲ್ಲಿ ಅವಳು ನೆನೆಯುವುದಿಲ್ಲವಾ?"

ಮಕ್ಕಳು ಸಾವನ್ನು ಹೇಗೆ ತಿಳಿದುಕೊಳ್ಳುತ್ತಾರೆ ಎಂಬ ಬಗ್ಗೆ ಮರಿಯಾ ನಾಗಿ ಎಂಬ ಮನಶ್ಶಾಸ್ತ್ರಜ್ಞೆ ಹಂಗೇರಿಯ ಮಕ್ಕಳನ್ನು ಮಾತನಾಡಿಸಿ 1948ರಲ್ಲೇ ಅಧ್ಯಯನ ಪ್ರಕಟಿಸಿದ್ದರು. ಆಮೇಲಿನ ಸಂಶೋಧಕರು ಆ ತಿಳಿವಳಿಕೆಯನ್ನು ಬಿಡಿಸಿ ನೋಡಿದ್ದಾರೆ: ಸತ್ತವರು ಮರಳಿ ಬರುವುದಿಲ್ಲ, ಸತ್ತ ದೇಹ ಉಸಿರಾಡುವುದಿಲ್ಲ, ನೋಯುವುದಿಲ್ಲ, ಸಾವು ಎಲ್ಲರಿಗೂ ಬರುತ್ತದೆ. ಹೆಚ್ಚಿನ ಮಕ್ಕಳು ಐದರಿಂದ ಏಳು ವರ್ಷದೊಳಗೆ ಇವನ್ನು ಗ್ರಹಿಸುತ್ತಾರಂತೆ. ನನ್ನ ಮಗಳು ಆ ವಯಸ್ಸನ್ನು ದಾಟಿದ್ದಳು. ಕೋಳಿ ಸತ್ತರೆ, ಅಜ್ಜ ಸತ್ತರೆ ಅದು ಏನೆಂದು ಅವಳಿಗೆ ಚೆನ್ನಾಗಿ ತಿಳಿದಿತ್ತು. ಆದರೆ ತಿಳಿದಿರುವ ಸಂಗತಿಯನ್ನು ತನ್ನ ಗೆಳತಿಗೆ, ಮೊನ್ನೆ ತನ್ನ ಛತ್ರಿಯೊಳಗೆ ತೂರಿಕೊಂಡು ಬಂದವಳಿಗೆ, ಅನ್ವಯಿಸುವುದು ಬೇರೆಯೇ ಕೆಲಸ. ಅದನ್ನು ದೊಡ್ಡವರೂ ಒಂದೇ ರಾತ್ರಿಯಲ್ಲಿ ಮಾಡಲಾರರು. ಹೆಂಡತಿ ನಿಧಾನವಾಗಿ, ಸತ್ತ ಮೇಲೆ ಮೈಗೆ ಚಳಿಯಾಗುವುದಿಲ್ಲ, ಒದ್ದೆಯಾದದ್ದು ತಿಳಿಯುವುದಿಲ್ಲ, ಹೆದರಿಕೆಯೂ ಆಗುವುದಿಲ್ಲ ಎಂದು ಹೇಳಿದಳು. ಅದೇ ಪ್ರಶ್ನೆ ಆ ಮಳೆಗಾಲದಲ್ಲಿ ಮತ್ತೆ ಮತ್ತೆ ಬಂತು, ಪ್ರತಿ ಸಲವೂ ಅದೇ ಉತ್ತರವನ್ನು ಅದೇ ಮಾತುಗಳಲ್ಲಿ ಹೇಳಿದೆವು. ಅವಳಿಗೆ ಬೇಕಾಗಿದ್ದದ್ದು ಹೊಸ ಉತ್ತರವಲ್ಲ, ಉತ್ತರ ಬದಲಾಗಿಲ್ಲವೆಂಬ ಖಾತರಿ.

ಶಾಲೆಯಲ್ಲಿ ಮೌನಾಚರಣೆ ನಡೆದು ಒಂದು ದಿನ ರಜೆ ಕೊಟ್ಟರು. ಮರುದಿನ ಹಾಜರಿ ಕರೆಯುವಾಗ ತರಗತಿಯ ಶಿಕ್ಷಕಿ ಮಾಡಿದ ಒಂದು ಕೆಲಸವನ್ನು ನಾನು ನನ್ನ ಸಹೋದ್ಯೋಗಿಗಳಿಗೆಲ್ಲ ಹೇಳಿದ್ದೇನೆ. ಅವರು ಆ ಹೆಸರನ್ನು ನುಂಗಿ ಮುಂದೆ ಹೋಗಲಿಲ್ಲ. ಪುಸ್ತಕವನ್ನು ಮುಚ್ಚಿ, ಈ ಹೆಸರನ್ನು ಇನ್ನು ಕರೆಯುವುದಿಲ್ಲ, ಯಾಕೆಂದು ನಿಮಗೆಲ್ಲ ಗೊತ್ತು, ಆದರೆ ಇವತ್ತು ಕೊನೆಯದಾಗಿ ಕರೆಯುತ್ತೇನೆ ಎಂದು ಹೇಳಿ ಕರೆದರಂತೆ. ಖಾಲಿಯಾದ ಜಾಗದಲ್ಲಿ ಯಾರು ಕೂರಬೇಕೆಂಬುದನ್ನೂ ತಾವೇ ನಿರ್ಧರಿಸದೆ, ಸ್ವಲ್ಪ ದಿನ ಹಾಗೇ ಬಿಟ್ಟು, ಆಮೇಲೆ ಇಡೀ ತರಗತಿಯ ಜಾಗಗಳನ್ನೇ ಬದಲಿಸಿದರು. ಹಾಜರಿ ಸಂಖ್ಯೆ ಮಾತ್ರ ಮುಂದಿನ ವರ್ಷದವರೆಗೂ ಹಾಗೆಯೇ ಉಳಿಯಿತು. ಹದಿಮೂರಾದ ಮೇಲೆ ಹದಿನೈದು. ಅದು ಮಗಳಿಗೆ ಹಿಡಿಸಿತು.

ನನ್ನ ಗೆಳೆಯರೊಬ್ಬರು ದುಃಖಕ್ಕೆ ಐದು ಹಂತಗಳಿವೆ, ನಿರಾಕರಣೆ, ಕೋಪ, ಚೌಕಾಸಿ, ಖಿನ್ನತೆ, ಒಪ್ಪಿಗೆ, ಇವೆಲ್ಲ ಒಂದಾದ ಮೇಲೊಂದು ಬರುತ್ತವೆ ಎಂದು ಕಳಿಸಿಕೊಟ್ಟರು. ನಾನು ಶಿಕ್ಷಕನಲ್ಲವೇ, ಹಂತಗಳನ್ನು ಕಂಡರೆ ಕಣ್ಣರಳುತ್ತದೆ. ಮನೋವೈದ್ಯೆ ಎಲಿಸಬೆತ್ ಕೂಬ್ಲರ್ ರಾಸ್ 1969ರಲ್ಲಿ ಅವನ್ನು ವಿವರಿಸಿದ್ದು ತಮ್ಮದೇ ಸಾವನ್ನು ಎದುರು ನೋಡುತ್ತಿದ್ದ ರೋಗಿಗಳನ್ನು ಮಾತನಾಡಿಸಿದ ಮೇಲೆ ಎಂಬುದು ಆಮೇಲೆ ತಿಳಿಯಿತು. ನಮ್ಮ ಮನೆಯಲ್ಲಿ ಏನೂ ಸಾಲಾಗಿ ಬರಲಿಲ್ಲ. ಮೊದಲ ವಾರ ಇದ್ದ ಅಳು ನಿಂತು, ಆಗಸ್ಟ್ ಹೊತ್ತಿಗೆ ಎಲ್ಲ ಸರಿಹೋಯಿತೆಂಬಂತಿತ್ತು. ಹೊಟ್ಟೆನೋವು ಶುರುವಾದದ್ದು ಆಗ.

ಬೆಳಿಗ್ಗೆ ಶಾಲೆಗೆ ಹೊರಡುವ ಹೊತ್ತಿಗೆ ಹೊಟ್ಟೆನೋವು, ರಾತ್ರಿ ದೀಪ ಆರಿಸಿದರೆ ಹೊಟ್ಟೆನೋವು. ವೈದ್ಯರು ಪರೀಕ್ಷಿಸಿ ಏನೂ ಇಲ್ಲವೆಂದರು. ಜೊತೆಗೆ ಇನ್ನೊಂದು ವರ್ತನೆ ಸೇರಿಕೊಂಡಿತು: ಸೆಕೆಯಲ್ಲೂ ತುಂಬುತೋಳಿನ ಅಂಗಿ, ಮಲಗುವ ಮೊದಲು ಸೊಳ್ಳೆಪರದೆಯ ಅಂಚನ್ನು ಹಾಸಿಗೆಯ ಸುತ್ತ ತಾನೇ ಸಿಕ್ಕಿಸುವುದು, ಬಚ್ಚಲಿನ ಬಕೆಟ್ಟು, ತುಳಸಿಕಟ್ಟೆಯ ತಟ್ಟೆ, ಬೆಕ್ಕಿನ ನೀರಿನ ಬಟ್ಟಲು ಎಲ್ಲವನ್ನೂ ಬೋರಲು ಹಾಕುತ್ತ ಅಂಗಳ ಸುತ್ತುವುದು. ಗೆಳತಿ ಸೊಳ್ಳೆಯಿಂದ ಬಂದ ರೋಗದಿಂದ ಸತ್ತಿದ್ದಾಳೆ, ಇವಳಿಗೆ ಸೊಳ್ಳೆಯ ಹೆದರಿಕೆ ಹುಟ್ಟಿದೆ, ಸಹಜವೇ ಎಂದು ನಮಗೆ ತೋರಿತು. ಅಂಗಳ ಸ್ವಚ್ಛವಾಗುತ್ತಿದೆಯಲ್ಲ ಎಂದು ನನ್ನ ತಾಯಿ ಮೆಚ್ಚಿಕೊಂಡರು ಕೂಡ.

ಸೆಪ್ಟೆಂಬರ್ ತಿಂಗಳಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿ, ಸೊಳ್ಳೆ ಉತ್ಪತ್ತಿಯಾಗುವಂತೆ ನೀರು ನಿಲ್ಲಲು ಬಿಡುವ ಮನೆಗಳಿಗೆ ದಂಡ ವಿಧಿಸುವ ನಿಯಮ ತಂದಿತು. ಪಟ್ಟಣದ ಮನೆಗಳಿಗೆ 400 ರೂಪಾಯಿ, ಹಳ್ಳಿಯ ಮನೆಗಳಿಗೆ 200. ನಾನು ಪತ್ರಿಕೆಯಲ್ಲಿ ಅದನ್ನು ಗಟ್ಟಿಯಾಗಿ ಓದುತ್ತಿದ್ದೆ. ಮಗಳು ಹತ್ತಿರ ಬಂದು, "ಮುಂಚೆ ನೀರು ನಿಲ್ಲಿಸಿದವರಿಗೂ ಹಾಕುತ್ತಾರಾ?" ಎಂದು ಕೇಳಿದಳು. ಇಲ್ಲ, ಇನ್ನು ಮುಂದಷ್ಟೇ ಎಂದೆ. "ಯಾರಾದರೂ ಸತ್ತಿದ್ದರೆ?" ಎಂದಳು.

ಆ ಪ್ರಶ್ನೆಯಲ್ಲಿ ಏನೋ ಇದೆ ಎಂದು ನನಗೆ ಹೊಳೆದರೂ ಅವಳು ಬಾಯಿ ಬಿಡಲಿಲ್ಲ. ಅದೇ ವಾರದ ಒಂದು ರಾತ್ರಿ ಅವಳು ನಿದ್ದೆಯಲ್ಲಿ ಬೆಚ್ಚಿ ಎದ್ದು, ನಾನೂ ಅವಳ ಹತ್ತಿರ ಹೋಗುತ್ತೇನೆ ಎಂದು ಅತ್ತಾಗ ನಮ್ಮಿಬ್ಬರ ಕೈಕಾಲು ತಣ್ಣಗಾದವು. ಹೆಂಡತಿ 14416ಕ್ಕೆ ಕರೆ ಮಾಡಿದಳು. ಟೆಲಿ ಮಾನಸ್ ಎಂಬ ಹೆಸರಿನ ಈ ಉಚಿತ ಸಹಾಯವಾಣಿ 2022ರ ಅಕ್ಟೋಬರ್‌ನಿಂದ ನಡೆಯುತ್ತಿದೆ. ಹಗಲು ರಾತ್ರಿ ಯಾವ ಹೊತ್ತಿನಲ್ಲಾದರೂ ಕನ್ನಡದಲ್ಲಿಯೇ ಮಾತನಾಡಬಹುದು. ಆ ಕಡೆಯವರು ಗಾಬರಿಯಾಗದೆ ಎಲ್ಲ ಕೇಳಿಕೊಂಡು, ಮಗುವಿನ ಆ ಮಾತನ್ನು ಕೇಳದಂತೆ ಮಾಡಬೇಡಿ, ಹೋಗುವುದು ಎಂದರೆ ಏನು ಎಂದು ಅವಳನ್ನೇ ಕೇಳಿ, ಒಬ್ಬಳನ್ನೇ ಬಿಡಬೇಡಿ, ತಜ್ಞರಿಗೆ ತೋರಿಸಿ ಎಂದರು. ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರು ಸಿಗುವ ವ್ಯವಸ್ಥೆಯಿದೆ. ಹುಬ್ಬಳ್ಳಿಗೋ ಧಾರವಾಡಕ್ಕೋ ಹೋಗಬೇಕೆಂದುಕೊಂಡಿದ್ದ ನಾವು ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲೇ ಸಾಲಿನಲ್ಲಿ ಕುಳಿತೆವು. ಹುಚ್ಚಿನ ಡಾಕ್ಟರ ಹತ್ತಿರ ಮಗುವನ್ನು ಕರೆದುಕೊಂಡು ಹೋದರಂತೆ ಎಂಬ ಮಾತು ಕೇರಿಯಲ್ಲಿ ಬಂದದ್ದು ನಿಜ. ಬಂದಷ್ಟೇ ಬೇಗ ಹೋಯಿತು.

ವೈದ್ಯರು ಅವಳನ್ನು ನೇರವಾಗಿಯೇ ಕೇಳಿದರು. ಸಾಯಬೇಕು ಎನಿಸುತ್ತದೆಯೇ, ಅವಳನ್ನು ನೋಡಬೇಕು ಎನಿಸುತ್ತದೆಯೇ? ಮಗಳು ಸ್ವಲ್ಪ ಯೋಚಿಸಿ, "ಸಾಯುವುದು ಬೇಡ. ಒಂದು ಸಲ ಹೋಗಿ ಒಂದು ಮಾತು ಹೇಳಿ ವಾಪಸ್ ಬರಬೇಕು" ಎಂದಳು. ದೇವರ ಹತ್ತಿರ ಆರಾಮವಾಗಿದ್ದಾಳೆ ಎಂದು ಕೇರಿಯವರೆಲ್ಲ ಸಮಾಧಾನ ಮಾಡುತ್ತಿದ್ದರು, ಅದನ್ನು ಅವಳು ಅಕ್ಷರಶಃ ತೆಗೆದುಕೊಂಡಿದ್ದಳು. ದೇವರ ಮನೆಗೆ ದಾರಿ ಯಾವುದೆಂದಷ್ಟೇ ತಿಳಿಯಬೇಕಾಗಿತ್ತು. ಏನು ಹೇಳಬೇಕಾಗಿತ್ತು ಎಂದು ಕೇಳಿದಾಗ ಉತ್ತರ ಬರಲಿಲ್ಲ. ವೈದ್ಯರು ಕಾಗದ, ಬಣ್ಣ ಕೊಟ್ಟರು. ಅವಳು ಮರವೊಂದನ್ನು ಬರೆದು, ಅದರ ಕೆಳಗೆ ಸಾಲಾಗಿ ಅರ್ಧಚಂದ್ರಗಳನ್ನು ಬರೆದಳು. ಅವು ಬಟ್ಟಲುಗಳೇ ಎಂದರು. "ಅಲ್ಲ, ಕರಟ."

ಅಲ್ಲಿಂದ ಎಲ್ಲವೂ ಹೊರಗೆ ಬಂತು. ಗೆಳತಿಗೆ ಜ್ವರ ಬರುವ ಹಿಂದಿನ ಭಾನುವಾರ ಇಬ್ಬರೂ ನಮ್ಮ ಹಿತ್ತಿಲಿನ ಹಲಸಿನ ಮರದಡಿ ಅಂಗಡಿ ಆಟ ಆಡಿದ್ದರು. ತೆಂಗಿನ ಕರಟಗಳಲ್ಲಿ ಅಕ್ಕಿ, ಸಕ್ಕರೆ, ಉಪ್ಪು ಎಂದು ಮಣ್ಣು ಮರಳು ತುಂಬಿ ಜೋಡಿಸಿದ್ದರು. ಮಳೆ ಬಂದಾಗ ಗೆಳತಿ ಎತ್ತಿಡೋಣ ಎಂದಳಂತೆ. ಇರಲಿ, ನಾಳೆ ಮತ್ತೆ ಆಡೋಣ ಎಂದವಳು ನನ್ನ ಮಗಳು. ಕರಟಗಳಲ್ಲಿ ನೀರು ತುಂಬಿತು. ಗೆಳತಿ ಸತ್ತ ಮೇಲೆ ಶಾಲೆಯ ಗೋಡೆಗೆ ಡೆಂಗಿ ಜಾಗೃತಿಯ ಭಿತ್ತಿಪತ್ರ ಅಂಟಿಸಿದರು. ಅದರಲ್ಲಿ ಹಳೆಯ ಟೈರು, ಹೂಕುಂಡ, ಒಡೆದ ಮಡಕೆಯ ಜೊತೆಗೆ ನೀರು ತುಂಬಿದ ತೆಂಗಿನ ಕರಟದ ಚಿತ್ರವೂ ಇತ್ತು. ಪ್ರತಿದಿನ ಪ್ರಾರ್ಥನೆಯ ಸಾಲಿನಲ್ಲಿ ಅವಳು ನಿಲ್ಲುತ್ತಿದ್ದುದು ಆ ಚಿತ್ರದ ಎದುರಿಗೆ.

ಎರಡು ತಿಂಗಳ ಹೊಟ್ಟೆನೋವಿನ ಕಾರಣ ಅಲ್ಲಿತ್ತು. ನಾವು ಅವಳ ದುಃಖಕ್ಕೆ ಸಮಾಧಾನ ಹೇಳುತ್ತಿದ್ದೆವು, ಹೆದರಿಕೆಗೆ ಧೈರ್ಯ ಹೇಳುತ್ತಿದ್ದೆವು. ಅವಳು ಒಳಗೊಳಗೇ ಕೂತು ಲೆಕ್ಕ ಹಾಕುತ್ತಿದ್ದಳು, ಆ ಲೆಕ್ಕದ ಉತ್ತರ ಪ್ರತಿ ಸಲವೂ ತಾನೇ ಆಗುತ್ತಿದ್ದಳು. ಈ ವಯಸ್ಸಿನ ಮಕ್ಕಳು ಹತ್ತಿರದವರ ಸಾವಿಗೆ ತಾವು ಮಾಡಿದ ಅಥವಾ ಮನಸ್ಸಿನಲ್ಲಿ ಅಂದುಕೊಂಡ ಏನೋ ಒಂದು ಕಾರಣವೆಂದು ನಂಬುವುದು ಸಾಮಾನ್ಯ, ಅದನ್ನು ಹೇಳಿಕೊಳ್ಳದಿರುವುದು ಇನ್ನೂ ಸಾಮಾನ್ಯ ಎಂದು ವೈದ್ಯರು ನಮಗೆ ಬೇರೆಯಾಗಿ ತಿಳಿಸಿದರು. ಅವರು ಇನ್ನೊಂದು ಮಾತನ್ನೂ ಹೇಳಿದರು: ನಿನ್ನ ತಪ್ಪಲ್ಲ ಎಂದು ಬರಿದೇ ಹೇಳಬೇಡಿ, ಅವಳ ಲೆಕ್ಕವನ್ನು ಅವಳ ಜೊತೆ ಕೂತು ಬಿಡಿಸಿ ನೋಡಿ.

ಲೆಕ್ಕ ಬಿಡಿಸುವುದು ನನಗೆ ಬರುವ ಕೆಲಸ. ಆ ಸಂಜೆ ಗೋಡೆಯ ಕ್ಯಾಲೆಂಡರನ್ನು ಕೆಳಗಿಳಿಸಿ ನೆಲದ ಮೇಲೆ ಹರಡಿಕೊಂಡು ಇಬ್ಬರೂ ಕುಳಿತೆವು. ಡೆಂಗಿ ಹರಡುವ ಈಡಿಸ್ ಸೊಳ್ಳೆ ನಿಂತ ನೀರಿನ ಅಂಚಿನಲ್ಲಿ ಮೊಟ್ಟೆಯಿಟ್ಟರೆ, ಅದು ಹುಳುವಾಗಿ, ಕೋಶವಾಗಿ, ರೆಕ್ಕೆ ಬಂದು ಹಾರಲು ಕನಿಷ್ಠ ಒಂದು ವಾರ ಬೇಕು. ಹಾಗೆ ಹಾರಿದ ಸೊಳ್ಳೆಯಲ್ಲಿ ಸಾಮಾನ್ಯವಾಗಿ ರೋಗ ಇರುವುದಿಲ್ಲ. ಅದು ಮೊದಲು ಡೆಂಗಿ ಬಂದಿರುವ ಯಾರನ್ನಾದರೂ ಕಚ್ಚಬೇಕು. ಕಚ್ಚಿದ ಮೇಲೆ ವೈರಸ್ಸು ಸೊಳ್ಳೆಯ ಹೊಟ್ಟೆಯಿಂದ ಅದರ ಜೊಲ್ಲುಗ್ರಂಥಿಗೆ ಬರಲು ಸುಮಾರು 8ರಿಂದ 12 ದಿನ. ಆಮೇಲೆ ಅದು ಇನ್ನೊಬ್ಬರನ್ನು ಕಚ್ಚಿದರೆ, ಅವರಿಗೆ ಜ್ವರ ಬರಲು ಮತ್ತೆ 4ರಿಂದ 10 ದಿನ. ಅವಳು ಪೆನ್ಸಿಲ್ ಹಿಡಿದು ಒಂದೊಂದೇ ಚೌಕವನ್ನು ತುಂಬುತ್ತ ಹೋದಳು. ಅತಿ ಕಡಿಮೆ ದಿನಗಳನ್ನೇ ಹಿಡಿದರೂ ಮೂರು ವಾರದ ಹತ್ತಿರ ಬಂತು. ಅಂಗಡಿ ಆಟಕ್ಕೂ ಗೆಳತಿಯ ಜ್ವರಕ್ಕೂ ನಡುವೆ ಇದ್ದದ್ದು ಒಂದು ವಾರ. ಆ ಕರಟಗಳಿಂದ ಹುಟ್ಟಿದ ಸೊಳ್ಳೆಯಿಂದ ಅವಳಿಗೆ ಜ್ವರ ಬಂದಿರಲು ದಿನಗಳೇ ಸಾಲುವುದಿಲ್ಲ. ಅವಳು ಎರಡನೆಯ ಸಲ ಎಣಿಸಿದಳು, ಮೂರನೆಯ ಸಲ ನನ್ನಿಂದ ಎಣಿಸಿದಳು. ನಡುವೆ ತಲೆಯೆತ್ತಿ, ಜ್ವರ ಸೊಳ್ಳೆಗೆ ಯಾಕೆ ಬರುವುದಿಲ್ಲ ಎಂದು ಕೇಳಿದಳು. ಆ ಸಂಜೆ ನನಗೆ ಅತ್ಯಂತ ಸಂತೋಷ ಕೊಟ್ಟ ಮಾತು ಅದು.

ಇದರಿಂದ ಎಲ್ಲವೂ ಮುಗಿದಿದ್ದರೆ ನಾನು ವಿಜ್ಞಾನದ ಹಿರಿಮೆಯನ್ನು ಹೊಗಳುತ್ತಿದ್ದೆ. ಎರಡು ದಿನ ಅವಳು ಹಗುರವಾಗಿದ್ದಳು, ಮೂರನೆಯ ದಿನ ಹೊಸ ಲೆಕ್ಕದೊಂದಿಗೆ ಬಂದಳು. ಕರಟದ ಸೊಳ್ಳೆಯಲ್ಲ, ಸರಿ. ಆದರೆ ಅಷ್ಟು ಹೊತ್ತು ಹಿತ್ತಿಲಿನಲ್ಲಿ ಆಡಿದಾಗ ಬೇರೆ ಸೊಳ್ಳೆ, ಮೊದಲೇ ರೋಗ ಇದ್ದ ಸೊಳ್ಳೆ, ಅಲ್ಲೇ ಅವಳಿಗೆ ಕಚ್ಚಿದ್ದರೆ? ನಾನು ಕರೆಯದಿದ್ದರೆ ಅವಳು ಬರುತ್ತಿರಲಿಲ್ಲವಲ್ಲ? ದಿನಗಳನ್ನು ನೋಡಿದರೆ ಅದು ಸಾಧ್ಯವಿತ್ತು. ಇಲ್ಲಿ ನನಗೆ ಸುಳ್ಳು ಹೇಳುವ ಆಸೆ ಬಲವಾಗಿ ಬಂತು. ಇಲ್ಲ, ಖಂಡಿತ ಇಲ್ಲ ಎಂದುಬಿಟ್ಟರೆ ಮುಗಿಯುತ್ತಿತ್ತು. ಆದರೆ ಎರಡು ದಿನದ ಹಿಂದೆ ಚೌಕ ಚೌಕವಾಗಿ ಸತ್ಯವನ್ನು ತೋರಿಸಿದವನೇ ಈಗ ಬಾಯಿಮಾತಿನಲ್ಲಿ ಸುಳ್ಳು ಹೇಳಿದರೆ, ಮೊದಲಿನದ್ದೂ ಸುಳ್ಳಾಗುತ್ತದೆ. ಆಗಿರಬಹುದು, ಆಗದೆಯೂ ಇರಬಹುದು. ಈಡಿಸ್ ಹಗಲು ಕಚ್ಚುವ ಸೊಳ್ಳೆ, ಶಾಲೆಯಲ್ಲಿ ಕಚ್ಚಿರಬಹುದು, ಅವರ ಮನೆಯಲ್ಲಿ, ಅಂಗಡಿಯ ಮುಂದೆ, ಎಲ್ಲಿ ಬೇಕಾದರೂ ಕಚ್ಚಿರಬಹುದು, ಯಾವ ಡಾಕ್ಟರಿಗೂ ಅದನ್ನು ಕಂಡುಹಿಡಿಯಲು ಆಗುವುದಿಲ್ಲ ಎಂದೆ. ಗೆಳತಿಯನ್ನು ಆಟಕ್ಕೆ ಕರೆಯುವುದು ತಪ್ಪಲ್ಲ ಎಂದೂ ಹೇಳಿದೆ. ಅವಳು ತಲೆಯಾಡಿಸಿದಳು. ಒಪ್ಪಿದ ಲಕ್ಷಣ ಕಾಣಿಸಲಿಲ್ಲ.

ಒಪ್ಪಿಸಿದವರು ಗೆಳತಿಯ ತಾಯಿ. ಈ ವಿಷಯವನ್ನು ಅವರ ಕಿವಿಗೆ ಹಾಕಬಾರದೆಂದೇ ನನಗಿತ್ತು; ಮಗುವನ್ನು ಕಳೆದುಕೊಂಡವರ ಮೇಲೆ ಇನ್ನೊಬ್ಬರ ಮಗುವಿನ ಸಂಕಟವನ್ನು ಹೇರುವುದು ಸರಿಯೆನಿಸಲಿಲ್ಲ. ಹೆಂಡತಿ ಬೇರೆ ರೀತಿ ಯೋಚಿಸಿ, ಅವರನ್ನು ಕೇಳಿಯೇ ಹೇಳಿದಳು. ಅವರು ಮಾರನೆಯ ದಿನ ಬೇಲಿಯ ಸಂದಿನಲ್ಲೇ ಬಗ್ಗಿ ನಮ್ಮ ಹಿತ್ತಿಲಿಗೆ ಬಂದರು, ದೊಡ್ಡವರು ಯಾರೂ ಬಳಸದ ದಾರಿ ಅದು. ಮಗಳನ್ನು ಹಲಸಿನ ಮರದ ಬೇರಿನ ಮೇಲೆ ಕೂರಿಸಿಕೊಂಡು, ಆಶಾ ಕಾರ್ಯಕರ್ತೆಯರು ಲಾರ್ವಾ ನೋಡಲು ಬಂದಾಗ ತಮ್ಮ ಬಚ್ಚಲ ಹಿಂದಿನ ಡ್ರಮ್ಮಿನಲ್ಲಿ ಹುಳು ಸಿಕ್ಕಿದ್ದನ್ನು ಹೇಳಿದರು. ಕೇರಿಯ ಎಷ್ಟೋ ಮನೆಗಳಲ್ಲಿ ಸಿಕ್ಕಿದ್ದವು. "ನಾನೂ ದಿನಾ ಲೆಕ್ಕ ಹಾಕುತ್ತೇನೆ ಮಗಾ. ಆ ಡ್ರಮ್ಮು ತೊಳೆದಿದ್ದರೆ ಎಂದು. ಜ್ವರ ಇಳಿದ ದಿನವೇ ಕರೆದುಕೊಂಡು ಹೋಗಿದ್ದರೆ ಎಂದು. ನನ್ನ ಲೆಕ್ಕ ತಪ್ಪು ಎಂದು ಎಲ್ಲರೂ ಹೇಳುತ್ತಾರೆ. ನನ್ನದು ತಪ್ಪಾದರೆ ನಿನ್ನದೂ ತಪ್ಪೇ ಅಲ್ಲವಾ?" ಎಂದರು. ಇಬ್ಬರೂ ಬಹಳ ಹೊತ್ತು ಅಲ್ಲಿಯೇ ಕೂತು ಅತ್ತರು. ಅವಳಿಗೆ ಗೆಳತಿಯ ಹತ್ತಿರ ಹೋಗಿ ಹೇಳಬೇಕಾಗಿದ್ದ ಮಾತನ್ನು, ಅಂದರೆ ಕರಟ ಎತ್ತಿಡಲಿಲ್ಲ ಎಂಬುದನ್ನು, ಅವಳು ಆ ತಾಯಿಯ ಬಳಿ ಹೇಳಿದಳು. ಮನೆಯೊಳಗಿಂದ ನೋಡುತ್ತಿದ್ದ ನನಗೆ, ಇದು ಆ ತಾಯಿಗೆ ಭಾರವಾಗುತ್ತದೆ ಎಂದುಕೊಂಡದ್ದು ಪೂರ್ತಿ ಸರಿಯಲ್ಲವೆನಿಸಿತು. ತಮ್ಮ ಮಗಳ ಹೆಸರನ್ನು ಯಾರೂ ಎತ್ತದಂತೆ ಎಚ್ಚರವಹಿಸುವ ಕೇರಿಯಲ್ಲಿ ಅವರಿಗೆ ಮಾತನಾಡಲು ಸಿಕ್ಕ ಜೊತೆ ಒಂಬತ್ತು ವರ್ಷದ ಈ ಹುಡುಗಿ.

ಹೊಟ್ಟೆನೋವು ದಸರಾ ರಜೆಯಲ್ಲಿ ಕಡಿಮೆಯಾಗುತ್ತ ಬಂತು. ನಾವು ಇನ್ನೂ ಕೆಲವು ಮಂಗಳವಾರ ಹೋದೆವು. ಇದು ರೋಗವಲ್ಲ, ಆದರೆ ಆರು ತಿಂಗಳು ಕಳೆದ ಮೇಲೂ ಊಟ, ನಿದ್ದೆ, ಶಾಲೆ ಎಲ್ಲವನ್ನೂ ಈ ಒಂದೇ ಸಂಗತಿ ಆವರಿಸಿಕೊಂಡಿದ್ದರೆ ಬೇರೆ ಚಿಕಿತ್ಸೆ ಯೋಚಿಸಬೇಕಾಗುತ್ತದೆ ಎಂದು ವೈದ್ಯರು ಗಡುವು ಹಾಕಿಕೊಟ್ಟಿದ್ದರು. ಅಷ್ಟು ದೂರ ಹೋಗಲಿಲ್ಲ. ಚಳಿಗಾಲದಲ್ಲಿ ಅವಳಿಗೇ ಶೀತಜ್ವರ ಬಂದಾಗ ಒಂದು ವಿಚಿತ್ರ ನಡೆಯಿತು. ಜ್ವರ ಏರಿದಷ್ಟು ಹೊತ್ತು ಆರಾಮವಾಗಿದ್ದವಳು ಮೈ ಬೆವೆತು ಜ್ವರ ಇಳಿಯುತ್ತಿದ್ದಂತೆ ನಡುಗಿ ಕಿರುಚಿಕೊಂಡಳು. ಜ್ವರ ಇಳಿದ ಮೇಲೆ ಸಾಯುತ್ತಾರೆ ಎಂಬುದನ್ನು ಅವಳು ಕಣ್ಣಾರೆ ಕಂಡಿದ್ದಳಲ್ಲ. ಇದು ಬೇರೆ ಜ್ವರ ಎಂದು ರಾತ್ರಿಯಿಡೀ ಹೇಳಬೇಕಾಯಿತು. ಮುಗಿಯಿತೆಂದು ನಾವು ಅಂದುಕೊಂಡಾಗಲೆಲ್ಲ ಹೀಗೆ ಇನ್ನೊಂದು ಬಾಗಿಲು ತೆರೆದುಕೊಳ್ಳುತ್ತದೆ. ಮಕ್ಕಳು ಬೆಳೆದಂತೆ ಹಳೆಯ ಸಾವನ್ನು ಹೊಸ ಬುದ್ಧಿಯಿಂದ ಮತ್ತೊಮ್ಮೆ ದುಃಖಿಸುತ್ತಾರೆ, ಹನ್ನೆರಡಕ್ಕೆ ಒಂದು ಸಲ, ಹದಿನಾರಕ್ಕೆ ಒಂದು ಸಲ, ಅದಕ್ಕೆ ಬೆಚ್ಚಿಬೀಳಬೇಡಿ ಎಂದು ವೈದ್ಯರು ಮೊದಲೇ ಹೇಳಿದ್ದರು.

ಗೆಳತಿ ಇವಳಿಗಿಂತ ಕೆಲವು ತಿಂಗಳು ದೊಡ್ಡವಳು. ಆಟದಲ್ಲಿ ಮೊದಲ ಸರದಿಯನ್ನು ಸದಾ ಆ ಹಕ್ಕಿನಿಂದಲೇ ಕಸಿದುಕೊಳ್ಳುತ್ತಿದ್ದಳು. ಹತ್ತನೆಯ ಹುಟ್ಟುಹಬ್ಬದ ದಿನ ಮಗಳು, "ಈಗ ನಾನೇ ದೊಡ್ಡವಳಾದೆ, ಇದು ಮೋಸ" ಎಂದಳು. ಯಾರು ಯಾರಿಗೆ ಮಾಡಿದ ಮೋಸ ಎಂದು ನಾನು ಕೇಳಲಿಲ್ಲ. ಗೆಳತಿಯ ಹುಟ್ಟುಹಬ್ಬಕ್ಕೆ ಅವಳು ಈಗಲೂ ಬೇಲಿ ದಾಟಿ ಹೋಗುತ್ತಾಳೆ. ಅಲ್ಲಿ ಗೆಳತಿಯ ಪುಟ್ಟ ತಮ್ಮನಿದ್ದಾನೆ, ಅವನಿಗೆ ಅಕ್ಕನ ಮುಖ ಫೋಟೋದಲ್ಲಿ ಮಾತ್ರ ಗೊತ್ತು. ಅವನಿಗೆ ಅಕ್ಕನ ಕಥೆಗಳನ್ನು ಹೇಳುವ ಕೆಲಸವನ್ನು ಇವಳು ವಹಿಸಿಕೊಂಡಿದ್ದಾಳೆ. ಕೆಲವನ್ನು ಕಟ್ಟಿ ಹೇಳುತ್ತಾಳೆಂದು ಆ ತಾಯಿಗೂ ಗೊತ್ತು, ನಮಗೂ ಗೊತ್ತು.

ಶಿರಸಿಯ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುತ್ತದೆ. 2024ರ ಮಾರ್ಚ್‌ನಲ್ಲಿ ನಡೆದ ಜಾತ್ರೆಯಲ್ಲಿ ಇಬ್ಬರೂ ದೊಡ್ಡ ತೊಟ್ಟಿಲಿನಲ್ಲಿ ಕೂರಲು ಹಟ ಹಿಡಿದಿದ್ದರು, ಇನ್ನೂ ಸಣ್ಣವರು, ಮುಂದಿನ ಜಾತ್ರೆಗೆ ಎಂದು ನಾವು ಎಳೆದುಕೊಂಡು ಬಂದಿದ್ದೆವು. ಮುಂದಿನ ಜಾತ್ರೆ ಎಂದರೆ 2026. ಇತ್ತೀಚೆಗೆ ಒಂದು ದಿನ ಊಟದ ನಡುವೆ ಅವಳೇ ಅದನ್ನು ನೆನಪಿಸಿದಳು. ತೊಟ್ಟಿಲಿನಲ್ಲಿ ಇಬ್ಬರೇ ಕೂರುವ ಪೆಟ್ಟಿಗೆಗಳಿರುತ್ತವೆಯೇ, ಒಬ್ಬರೇ ಕೂತರೆ ಅದು ಓರೆಯಾಗುತ್ತದೆಯೇ ಎಂದು ಕೇಳಿದಳು. ಆಗುವುದಿಲ್ಲ ಎಂದೆ. ಗೆಳತಿಯ ತಮ್ಮನನ್ನು ಕರೆದೊಯ್ಯಬಹುದಲ್ಲ ಎಂದು ಅವಳಮ್ಮ ಸೂಚಿಸಿದಾಗ, ಅವನು ಇನ್ನೂ ಸಣ್ಣವನು, ಮುಂದಿನ ಜಾತ್ರೆಗೆ ಎಂದು ಖಡಾಖಂಡಿತವಾಗಿ ಹೇಳಿದಳು. ಹಾಗಾದರೆ ಹತ್ತುತ್ತೀಯಾ ಇಲ್ಲವಾ ಎಂದರೆ, ಜಾತ್ರೆ ನಡೆಯುವ ಬಿಡಕಿಬಯಲಿಗೆ ಹೋಗಿ ತೊಟ್ಟಿಲನ್ನು ನೋಡಿದ ಮೇಲೆ ಹೇಳುತ್ತೇನೆ ಎಂದಿದ್ದಾಳೆ.